ಮಂಗಳೂರಿಗೆ ಎರಡು ದಿನಕ್ಕೆ ಬರ್ತಿದ್ದೀರಾ? ರೂಮ್ ಯಾವ ಏರಿಯಾದಲ್ಲಿ ಮಾಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಬರುವ ನೆಂಟರು, ಸ್ನೇಹಿತರು ಎಲ್ಲರೂ ಮೊದಲು ಕೇಳುವುದು ಯಾವ ಹೋಟೆಲ್ ಚೆನ್ನಾಗಿದೆ ಅಂತ. ಹೋಟೆಲ್ ಆಮೇಲೆ ನೋಡೋಣ, ಮೊದಲು ಏರಿಯಾ ಗಟ್ಟಿ ಮಾಡಿಕೊಳ್ಳಿ. ಮಂಗಳೂರು ದೊಡ್ಡ ಊರೇನಲ್ಲ. ಆದರೆ ಗುಡ್ಡ, ಹೊಳೆ, ಹೆದ್ದಾರಿ ಮೂರೂ ಸೇರಿ ಊರನ್ನು ಹಂಚಿಕೊಂಡಿವೆ. ಮ್ಯಾಪಿನಲ್ಲಿ ಪಕ್ಕದಲ್ಲೇ ಕಾಣುವ ಜಾಗಕ್ಕೆ ಹೋಗಲು ಅರ್ಧ ಗಂಟೆ ಬೇಕಾಗುವುದೂ ಉಂಟು. ಎರಡೇ ದಿನದ ಪ್ರವಾಸದಲ್ಲಿ ಆ ಅರ್ಧ ಗಂಟೆಗೆ ಬೆಲೆ ಇದೆ.

ಮೊದಲ ಸಲ ಬರ್ತಿದ್ದೇವೆ, ಎರಡು ರಾತ್ರಿ ಅಷ್ಟೇ. ಒಂದೇ ಮಾತಲ್ಲಿ ಹೇಳಿ, ಎಲ್ಲಿ ಉಳಿಯೋದು?

ವಾಹನ ಇಲ್ಲದಿದ್ದರೆ ಹಂಪನಕಟ್ಟೆಯಿಂದ ಲಾಲ್‌ಬಾಗ್‌ವರೆಗಿನ ಪಟ್ಟಿಯಲ್ಲಿ ಎಲ್ಲಾದರೂ ಸರಿ. ಅಂದರೆ ಹಂಪನಕಟ್ಟೆ, ಕೊಡಿಯಾಲ್‌ಬೈಲ್, ಪಿವಿಎಸ್, ಬಲ್ಲಾಳ್‌ಬಾಗ್, ಲಾಲ್‌ಬಾಗ್. ಕಾರಿನಲ್ಲಿ ಬರುವವರಿಗೆ, ಮನೆಯ ಹಿರಿಯರು ಜೊತೆಗಿದ್ದವರಿಗೆ ಬಿಜೈ ಅಥವಾ ಕದ್ರಿ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾವು ಬರೋದೇ ಸಮುದ್ರ ನೋಡೋಕೆ. ಬೀಚ್ ಹತ್ತಿರವೇ ರೂಮ್ ಮಾಡಬಾರದಾ?

ಎಲ್ಲರಿಗೂ ಗೊಂದಲವಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಂಗಳೂರು ಸಮುದ್ರದ ಊರು ನಿಜ. ಆದರೆ ಪೇಟೆ ಸಮುದ್ರಕ್ಕೆ ಮುಖ ಮಾಡಿಲ್ಲ, ಹೊಳೆಗೆ ಮುಖ ಮಾಡಿದೆ. ಉತ್ತರದಿಂದ ಗುರುಪುರ ಹೊಳೆ ಬರುತ್ತದೆ, ಅದನ್ನೇ ಫಲ್ಗುಣಿ ಅಂತಲೂ ಕರೆಯುತ್ತಾರೆ. ದಕ್ಷಿಣದಿಂದ ನೇತ್ರಾವತಿ. ಎರಡೂ ಸಮುದ್ರ ಸೇರುವ ಅಳಿವೆಬಾಗಿಲಿನ ಒಳಗೆ ಹಳೇ ಬಂದರು ಇದೆ. ಪೇಟೆಗೂ ತಣ್ಣೀರುಬಾವಿ ಬೀಚಿಗೂ ನಡುವೆ ಗುರುಪುರ ಹೊಳೆ ಹರಿಯುತ್ತದೆ. ಬುಕಿಂಗ್ ಆ್ಯಪಿನಲ್ಲಿ 'ಬೀಚಿಗೆ ಎರಡು ಕಿಲೋಮೀಟರ್' ಅಂತ ತೋರಿಸಿದರೆ ಅದು ಹಕ್ಕಿ ಹಾರುವ ಲೆಕ್ಕ. ನೀವು ರಸ್ತೆಯಲ್ಲಿ ಹೋಗಬೇಕಾದರೆ ಕೊಟ್ಟಾರ ಚೌಕಿ, ಕೂಳೂರು ಸೇತುವೆ ದಾಟಿ ಸುತ್ತಿಕೊಂಡು ಹೋಗಬೇಕು.

ಇದಕ್ಕೊಂದು ಒಳ್ಳೆ ಅಡ್ಡದಾರಿ ಇದೆ. ಬೋಳೂರಿನ ಸುಲ್ತಾನ್ ಬತ್ತೇರಿ ಹತ್ತಿರದಿಂದ ಆಚೆ ದಡಕ್ಕೆ ದೋಣಿ ಹೋಗುತ್ತದೆ. ದಿನಾ ಓಡಾಡುವ ಜನರ ಜೊತೆ ಹತ್ತಿ ಕುಳಿತರೆ ಕೆಲವೇ ನಿಮಿಷದಲ್ಲಿ ಆಚೆ ಇಳಿಸುತ್ತಾರೆ. ಅಲ್ಲಿಂದ ತಣ್ಣೀರುಬಾವಿ ಬೀಚ್ ಸ್ವಲ್ಪ ನಡೆದರೆ ಸಿಗುತ್ತದೆ. ವಾಪಸ್ ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಪೇಟೆಯಲ್ಲಿ ಉಳಿದು, ಸಂಜೆ ನಾಲ್ಕೂವರೆಗೆ ಹೊರಟು, ಸೂರ್ಯ ಮುಳುಗುವುದನ್ನು ನೋಡಿ ಬರಲು ಇದಕ್ಕಿಂತ ಚಂದದ ದಾರಿ ಇಲ್ಲ. ಬೀಚಿಗೆ ಅಂತ ಬಂದವರು ಈ ದೋಣಿಯನ್ನು ಬಿಟ್ಟು ಹೋಗಬೇಡಿ ಅಂತ ನನ್ನ ಕಳಕಳಿ.

ಹಾಗಂತ ಬೀಚ್ ಬಳಿ ಉಳಿಯಲೇಬಾರದು ಅಂತಲ್ಲ. ಎರಡನೇ ಸಲ ಬರುವವರು, ಊರು ಸುತ್ತುವ ಆಸೆ ಇಲ್ಲದವರು, ಸುಮ್ನೆ ಎರಡು ದಿನ ಅಲೆ ನೋಡಿಕೊಂಡು ಕೂರುತ್ತೇವೆ ಅನ್ನುವವರು ಧಾರಾಳವಾಗಿ ಉಳಿಯಿರಿ. ದಕ್ಷಿಣಕ್ಕೆ ಉಳ್ಳಾಲ, ಸೋಮೇಶ್ವರ. ಉತ್ತರಕ್ಕೆ ಸುರತ್ಕಲ್, ಇನ್ನೂ ಮುಂದೆ ಸಸಿಹಿತ್ಲು, ಮೂಲ್ಕಿ. ಸರ್ಫಿಂಗ್ ಕಲಿಯಬೇಕು ಅಂತಿದ್ದರೆ ಸಸಿಹಿತ್ಲು, ಮೂಲ್ಕಿ ಕಡೆಯೇ ಉಳಿಯಬೇಕು, ಯಾಕೆಂದರೆ ಬೆಳಿಗ್ಗೆ ಬೇಗ ನೀರಿಗಿಳಿಯಬೇಕಾಗುತ್ತದೆ. ಪಣಂಬೂರು ಎಲ್ಲರಿಗೂ ಗೊತ್ತಿರುವ ಬೀಚ್, ಸಂಜೆ ಹೋಗಿ ಬರಲು ಚೆನ್ನ. ಆದರೆ ಪಕ್ಕದಲ್ಲೇ ನವಮಂಗಳೂರು ಬಂದರು, ಕಾರ್ಖಾನೆಗಳು, ಸಾಲು ಸಾಲು ಲಾರಿ. ಉಳಿಯುವುದಕ್ಕೆ ನಾನು ಹೇಳುವುದಿಲ್ಲ.

ಹಂಪನಕಟ್ಟೆ ತುಂಬಾ ಗಲಾಟೆ ಅಂತಾರೆ. ನಿಜವಾ?

ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಿಜ. ಸಿಟಿ ಬಸ್ಸುಗಳೆಲ್ಲ ಹಂಪನಕಟ್ಟೆ ಸುತ್ತಲೇ ಹಾದು 'ಸ್ಟೇಟ್ ಬ್ಯಾಂಕ್' ಅನ್ನುವ ಬಸ್ ನಿಲ್ದಾಣಕ್ಕೆ ಹೋಗುತ್ತವೆ. ಕಂಡಕ್ಟರು ಫುಟ್‌ಬೋರ್ಡಿನಲ್ಲಿ ನಿಂತು 'ಜ್ಯೋತಿ, ಜ್ಯೋತಿ, ಕಂಕನಾಡಿ' ಅಂತ ಕೂಗುತ್ತಿರುತ್ತಾನೆ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಒಂದಿಬ್ಬರು ಹತ್ತಿರುತ್ತಾರೆ. ರಸ್ತೆ ಕಡೆಗೆ ಕಿಟಕಿ ಇರುವ ರೂಮ್ ಬೇಡ, ಹಿಂದುಗಡೆ ಕೊಡಿ ಅಂತ ಬುಕ್ ಮಾಡುವಾಗಲೇ ಹೇಳಿ. ರಾತ್ರಿ ಒಂಬತ್ತರ ಮೇಲೆ ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತವೆ, ಆಮೇಲೆ ಒಳ್ಳೆ ನಿದ್ದೆ ಬರುತ್ತದೆ. ಬೆಂಗಳೂರಿನ ಹಾಗೆ ಮಧ್ಯರಾತ್ರಿವರೆಗೂ ಎದ್ದಿರುವ ಊರಲ್ಲ ಇದು. ಭಾನುವಾರ ಅಂಗಡಿ ಜಾಸ್ತಿ ಮುಚ್ಚಿಯೇ ಇರುತ್ತವೆ.

ಗಲಾಟೆಗೆ ಪ್ರತಿಯಾಗಿ ಸಿಗುವುದೇನು ಅಂದರೆ ಕಾಲ್ನಡಿಗೆಯ ಸುಖ. ಸೆಂಟ್ರಲ್ ರೈಲು ನಿಲ್ದಾಣ ಹತ್ತಿರ. ಲೈಟ್‌ಹೌಸ್ ಹಿಲ್ ಏರು ಹತ್ತಿದರೆ ಸಂತ ಅಲೋಶಿಯಸ್ ಸಂಸ್ಥೆ ಸಿಗುತ್ತದೆ. 1880ರಲ್ಲಿ ಶುರುವಾದ ಕಾಲೇಜು ಅದು. ಒಳಗಿನ ಚಾಪೆಲ್‌ನ ಗೋಡೆ, ಚಾವಣಿ ತುಂಬ ಇಟಲಿಯ ಆಂಟೊನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳಿವೆ. ಕತ್ತೆತ್ತಿ ನೋಡುತ್ತಾ ಕೂತರೆ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಇಳಿದು ಬಂದು ಮಾರ್ಕೆಟ್ ರೋಡಿನ ಐಡಿಯಲ್‌ನಲ್ಲಿ ಐಸ್‌ಕ್ರೀಮ್ ತಿನ್ನಬಹುದು. ರಥಬೀದಿ, ನೆಹರೂ ಮೈದಾನ, ಪುರಭವನ ಎಲ್ಲ ನಡೆದು ಹೋಗುವಷ್ಟು ದೂರದಲ್ಲೇ.

ಒಂದು ಎಚ್ಚರಿಕೆ. ಈ ಊರಿನಲ್ಲಿ 'ಐದು ನಿಮಿಷದ ನಡಿಗೆ' ಅಂದರೆ ಏರೋ ಇಳಿಜಾರೋ ಅಂತ ಕೇಳಿ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಸೂಟ್‌ಕೇಸ್ ಎಳೆದುಕೊಂಡು ಹತ್ತುವುದು ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೇಡವೇ ಬೇಡ. ಆಟೋ ಹಿಡಿಯಿರಿ.

ಬಸ್ಸಿನಲ್ಲಿ ಬೆಳಗಿನ ಜಾವ ಬಂದಿಳಿಯುತ್ತೇವೆ. ಎಲ್ಲಿ ಹತ್ತಿರವಾಗುತ್ತದೆ?

ಕೆಎಸ್‌ಆರ್‌ಟಿಸಿ ಬಸ್ಸಾದರೆ ಕೊನೆಯ ನಿಲ್ದಾಣ ಬಿಜೈ. ಲಾಲ್‌ಬಾಗ್, ಬಿಜೈ, ಕಾಪಿಕಾಡ್ ಎಲ್ಲ ಹತ್ತಿರ. ಖಾಸಗಿ ಬಸ್ಸು ಬೇರೆ ಬೇರೆ ಕಡೆ ಇಳಿಸುತ್ತದೆ, ಪಂಪ್‌ವೆಲ್‌ನಲ್ಲೇ ಇಳಿಯುವವರೂ ತುಂಬಾ. ಟಿಕೆಟಿನಲ್ಲಿ ಇಳಿಯುವ ಜಾಗ ನೋಡಿಕೊಂಡೇ ರೂಮ್ ಮಾಡಿ. ಬೆಳಿಗ್ಗೆ ಆರಕ್ಕೇ ರೂಮ್ ಕೊಡುತ್ತಾರಾ ಅಂತಲೂ ಮುಂಚೆಯೇ ಫೋನ್ ಮಾಡಿ ಕೇಳಿ. ಇಪ್ಪತ್ನಾಲ್ಕು ಗಂಟೆ ಲೆಕ್ಕದ ಲಾಡ್ಜ್‌ಗಳು ಇಲ್ಲಿ ಈಗಲೂ ಇವೆ. ರಾತ್ರಿ ಬಸ್ಸಿನಲ್ಲಿ ಬಂದು ರಾತ್ರಿ ಬಸ್ಸಿಗೇ ಹೊರಡುವವರಿಗೆ ಅಂಥ ಲಾಡ್ಜೇ ಲಾಭ.

ರೈಲಿನಲ್ಲಿ ಬಂದರೆ?

ಸೆಂಟ್ರಲ್ಲೋ ಜಂಕ್ಷನ್ನೋ ಅಂತ ಮೊದಲು ನೋಡಿ. ಎರಡೂ ಮಂಗಳೂರೇ, ಆದರೆ ನಡುವೆ ಸುಮಾರು ಆರು ಕಿಲೋಮೀಟರ್ ದೂರ ಇದೆ. ಟಿಕೆಟಿನಲ್ಲಿ ಎಂಎಕ್ಯೂ ಅಂತಿದ್ದರೆ ಸೆಂಟ್ರಲ್, ಎಂಎಜೆಎನ್ ಅಂತಿದ್ದರೆ ಜಂಕ್ಷನ್. ಮುಂಬೈಯ ಮತ್ಸ್ಯಗಂಧ ಸೆಂಟ್ರಲ್‌ಗೇ ಬರುತ್ತದೆ. ಕೇರಳಕ್ಕೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಥರದ ಕೊಂಕಣ ರೈಲುಗಳು ಜಂಕ್ಷನ್‌ನಲ್ಲಿ ನಿಂತು ಮುಂದೆ ಹೋಗುತ್ತವೆ. ಜಂಕ್ಷನ್ ಇರುವುದು ಪಡೀಲ್ ಕಡೆ. ಮಧ್ಯರಾತ್ರಿ ಬಂದು ಬೆಳಿಗ್ಗೆ ಹೊರಡುವುದಿದ್ದರೆ ಮಾತ್ರ ಆ ಕಡೆ ಉಳಿಯಿರಿ. ಇಲ್ಲದಿದ್ದರೆ ಆಟೋ ಹಿಡಿದು ಪೇಟೆಗೆ ಬನ್ನಿ.

ಅಪ್ಪ ಅಮ್ಮ ಜೊತೆಗಿದ್ದಾರೆ. ದೇವಸ್ಥಾನ ನೋಡಬೇಕು, ಶಾಂತವಾಗಿಯೂ ಇರಬೇಕು.

ಕದ್ರಿ. ಕಣ್ಣು ಮುಚ್ಚಿಕೊಂಡು ಹೇಳಬಹುದು. ಮರ ಜಾಸ್ತಿ, ಗದ್ದಲ ಕಡಿಮೆ. ಮಂಜುನಾಥ ದೇವಸ್ಥಾನ ಅಲ್ಲೇ. ಬೆಳಿಗ್ಗೆ ಬೇಗ ಹೋದರೆ ಗುಡ್ಡದಿಂದ ಹರಿದು ಬರುವ ನೀರು ಕೆರೆಗೆ ಬೀಳುವ ಸದ್ದು ಕೇಳಿಸುತ್ತದೆ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಶಾಸನ ಕ್ರಿ.ಶ. 968ರದು, ಆಳುಪರ ಕುಂದವರ್ಮನ ಕಾಲದ್ದು. ಸಾವಿರ ವರ್ಷ ದಾಟಿದ ಆ ಮುಖವನ್ನು ಐದು ನಿಮಿಷ ನಿಂತು ನೋಡಿ, ಅವಸರ ಮಾಡಬೇಡಿ. ಸಂಜೆ ಹಿರಿಯರಿಗೆ ತಿರುಗಾಡಲು ಕದ್ರಿ ಪಾರ್ಕ್ ಇದೆ.

ಕದ್ರಿಯ ಒಂದು ತೊಂದರೆ ಅಂದರೆ ಅಲ್ಲಿ ಹೋಟೆಲ್‌ಗಳು ಕಡಿಮೆ. ಸಿಗದಿದ್ದರೆ ಬಿಜೈ, ಮಲ್ಲಿಕಟ್ಟೆ, ಬೆಂದೂರು, ಬಲ್ಮಠ ನೋಡಿ. ಎಲ್ಲವೂ ಅದೇ ಎತ್ತರದ ಅಕ್ಕಪಕ್ಕದ ಜಾಗಗಳು. ಕುದ್ರೋಳಿ, ಮಂಗಳಾದೇವಿ ದೇವಸ್ಥಾನ ಎರಡೂ ಅಲ್ಲಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರ.

ರಥಬೀದಿಯಲ್ಲೇ ಉಳಿದರೆ ಹೇಗೆ?

ಹಳೇ ಮಂಗಳೂರು ಇಷ್ಟಪಡುವವರಿಗೆ ಅದರಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ವೆಂಕಟರಮಣ ದೇವಸ್ಥಾನದ ಸುತ್ತ ಕೊಂಕಣಿ ಮಾತಾಡುವ ಮನೆಗಳು, ಪೂಜೆ ಸಾಮಾನಿನ ಅಂಗಡಿ, ಬಂಗಾರದ ಅಂಗಡಿ, ಹೂವಿನ ಅಂಗಡಿ. ಬೆಳಿಗ್ಗೆ ಅಲ್ಲಿ ನಿಂತು ಮಲ್ಲಿಗೆ ವ್ಯಾಪಾರ ನೋಡಬೇಕು. ಇಲ್ಲಿ ಮಲ್ಲಿಗೆ ಮೊಳದ ಲೆಕ್ಕದಲ್ಲಿ ಇಲ್ಲ, ಚೆಂಡಿನ ಲೆಕ್ಕ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ಉಂಡೆ ಸುತ್ತಿದ ಹೂವನ್ನು ಬಾಳೆ ಎಲೆಯಲ್ಲಿ ಕಟ್ಟಿಟ್ಟಿರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ದಿನಗಳಲ್ಲಿ ಬೆಳಿಗ್ಗೆ ಕೇಳಿದ ದರ ಮಧ್ಯಾಹ್ನಕ್ಕೆ ಇರುವುದಿಲ್ಲ. ಮೊದಲು ದರ ಕೇಳಿ, ಆಮೇಲೆ ಮುಡಿಯಿರಿ.

ಆದರೆ ಬೀದಿ ಇಕ್ಕಟ್ಟು, ಕಾರು ತರಬೇಡಿ. ಇರುವ ಲಾಡ್ಜ್‌ಗಳು ಕಡಿಮೆ, ಹೆಚ್ಚಿನವು ಸಾದಾ. ಲಿಫ್ಟ್ ಇದೆಯಾ ಅಂತ ಕೇಳಿ. ಕೊಡಿಯಾಲ್ ತೇರು ನಡೆಯುವ ರಥಸಪ್ತಮಿಯ ಹೊತ್ತಿಗಂತೂ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ತೇರು ನೋಡಲೆಂದೇ ಬರುವುದಾದರೆ ಅಲ್ಲೇ ಉಳಿಯಿರಿ, ಬೇರೆ ಕಾರಣಕ್ಕಾದರೆ ಆ ವಾರ ಬಿಡಿ.

ಪಂಪ್‌ವೆಲ್, ಕಂಕನಾಡಿ ಕಡೆ ದರ ಕಡಿಮೆ ಕಾಣಿಸ್ತಿದೆ. ತಗೊಳ್ಳಬಹುದಾ?

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಕಂಕನಾಡಿ ಮಾರ್ಕೆಟ್, ಫಾದರ್ ಮುಲ್ಲರ್ ಆಸ್ಪತ್ರೆಯ ಸುತ್ತಮುತ್ತ ಜನ ಇರುತ್ತಾರೆ, ಬಸ್ಸು ಸಿಗುತ್ತದೆ, ಊಟಕ್ಕೂ ತೊಂದರೆ ಇಲ್ಲ. ಪಂಪ್‌ವೆಲ್ ಬೇರೆಯೇ. ಬೆಂಗಳೂರು ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ ಹಾಗೂ ಕೇರಳ–ಗೋವಾ ಕಡೆಯ ಹೆದ್ದಾರಿ 66 ಅಲ್ಲಿ ಸೇರುತ್ತವೆ. 2020ರಲ್ಲಿ ಫ್ಲೈಓವರ್ ಆದರೂ ಕೆಳಗಿನ ವೃತ್ತದಲ್ಲಿ ವಾಹನ ತಪ್ಪಿಲ್ಲ. ಬೆಳಿಗ್ಗೆ ಎದ್ದು ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಕಾರಿನಲ್ಲಿ ಹೊರಡುವವರಿಗೆ ಸರಿ. ಸಂಜೆ ಸುಮ್ನೆ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆಯಬೇಕು ಅನ್ನುವವರಿಗೆ ಅಲ್ಲ. ಉಳಿಸಿದ ದುಡ್ಡು ಆಟೋಗೇ ಹೋಗುತ್ತದೆ.

ವಿಮಾನ ನಿಲ್ದಾಣದ ಹತ್ತಿರ?

ಬೇಡ. ಬಜಪೆಯ ವಿಮಾನ ನಿಲ್ದಾಣ ಗುಡ್ಡದ ಮೇಲಿದೆ, ಪೇಟೆಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್. ಬೆಳಿಗ್ಗೆ ಬೇಗ ವಿಮಾನ ಇದ್ದರೆ ಕದ್ರಿ, ಬಿಜೈ, ಯೆಯ್ಯಾಡಿ ಕಡೆ ಉಳಿದರೆ ಸಾಕು. ದಾರಿ ಆ ಕಡೆಯಿಂದಲೇ ಹೋಗುತ್ತದೆ.

ಮಂಗಳೂರು, ಉಡುಪಿ, ಧರ್ಮಸ್ಥಳ ಮೂರೂ ಎರಡು ದಿನದಲ್ಲಿ ಮುಗಿಸಬೇಕು. ಒಂದೇ ಕಡೆ ರೂಮ್ ಸಾಕಾ?

ಮುಗಿಸಬಹುದು, ಆದರೆ ಮಂಗಳೂರು ನೋಡಿದ ಹಾಗೆ ಆಗುವುದಿಲ್ಲ. ಉಡುಪಿ ಉತ್ತರಕ್ಕೆ ಸುಮಾರು 58 ಕಿಲೋಮೀಟರ್, ಧರ್ಮಸ್ಥಳ ಪೂರ್ವಕ್ಕೆ ಸುಮಾರು 75. ಎರಡೂ ಬೇರೆ ಬೇರೆ ದಿಕ್ಕು. ಎರಡರಲ್ಲಿ ಒಂದನ್ನು ಬಿಡಿ ಅಂತಲೇ ನನ್ನ ಸಲಹೆ.

ಉಡುಪಿಗೆ ಹೋಗಿ ಬರುವುದಾದರೆ ಲಾಲ್‌ಬಾಗ್ ಹತ್ತಿರ ಉಳಿಯಿರಿ. ಸ್ಟೇಟ್ ಬ್ಯಾಂಕ್‌ನಿಂದ ಹೊರಡುವ ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಆ ದಾರಿಯಲ್ಲೇ ಹೋಗುತ್ತದೆ, ಬೇಗ ಬೇಗ ಬಸ್ಸು ಇರುತ್ತದೆ. ಕಿಟಕಿ ಸೀಟೇ ಬೇಕು ಅಂದರೆ ಮಾತ್ರ ಸ್ಟೇಟ್ ಬ್ಯಾಂಕ್‌ಗೆ ಹೋಗಿ ಹತ್ತಿ. ಬೆಳಗಿನ ಪೂಜೆಗೇ ಕೃಷ್ಣ ಮಠದಲ್ಲಿ ಇರಬೇಕು ಅನ್ನುವವರು ಹಿಂದಿನ ರಾತ್ರಿ ಉಡುಪಿ ರಥಬೀದಿ ಬಳಿಯೇ ಉಳಿಯುವುದು ಒಳ್ಳೆಯದು. ಬೆಳಿಗ್ಗೆ ಮಂಗಳೂರಿನಿಂದ ಓಡಿ ಹೋಗಿ ಅದು ಆಗುವ ಮಾತಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ನಡೆಯುತ್ತದೆ. ಆ ಹೊತ್ತಿಗೆ ಉಡುಪಿ, ಮಣಿಪಾಲದಲ್ಲಿ ರೂಮ್ ಸಿಗುವುದು ಕಷ್ಟ, ಬಹಳ ಮುಂಚೆ ನೋಡಿಕೊಳ್ಳಿ.

ಒಬ್ಬಳೇ ಬರ್ತಿದ್ದೇನೆ. ಯಾವ ಏರಿಯಾ ಧೈರ್ಯವಾಗಿ ಆರಿಸಬಹುದು?

ಬಲ್ಮಠ, ಬೆಂದೂರು, ಕದ್ರಿ, ಬಿಜೈ, ಲಾಲ್‌ಬಾಗ್. ಕಾಲೇಜು, ಹಾಸ್ಟೆಲ್, ಆಸ್ಪತ್ರೆ, ಮನೆಗಳು ಇರುವ ಕಡೆ. ಸಂಜೆ ಎಂಟೂವರೆವರೆಗೂ ರಸ್ತೆಯಲ್ಲಿ ಹುಡುಗಿಯರು, ಹೆಂಗಸರು ಓಡಾಡುತ್ತಿರುತ್ತಾರೆ. ಸಿಟಿ ಬಸ್ಸು ರಾತ್ರಿ ಬೇಗ ಕಡಿಮೆಯಾಗುತ್ತದೆ ಅನ್ನುವುದು ನೆನಪಿರಲಿ. ಆಟೋದವರು ಮೀಟರ್ ಹಾಕುತ್ತಾರೆ, ಹಾಕದಿದ್ದರೆ ಹಾಕಿ ಅಂತ ಕೇಳಿ. ತಡರಾತ್ರಿ ಮೀಟರ್ ಮೇಲೆ ಅರ್ಧ ಜಾಸ್ತಿ ಕೊಡಬೇಕಾಗುತ್ತದೆ. ಬಂದರು, ಸ್ಟೇಟ್ ಬ್ಯಾಂಕ್ ಸುತ್ತಿನ ತೀರಾ ಅಗ್ಗದ ಲಾಡ್ಜ್‌ಗಳನ್ನು ಬಿಟ್ಟುಬಿಡಿ. ಹಗಲಲ್ಲಿ ಸುತ್ತಾಡಲು ಅದು ಒಳ್ಳೆ ಜಾಗ, ರಾತ್ರಿ ಏಳೂವರೆ ಮೇಲೆ ಬೀದಿ ಖಾಲಿ.

ಬಂದರಿನಲ್ಲಿ ಏನಿದೆ ಅಂತ ಸುತ್ತಾಡೋದು?

ಇದೇ ಪ್ರಶ್ನೆ ಜಾಸ್ತಿ ಜನ ಕೇಳಲಿ ಅಂತ ನನಗಾಸೆ. ಬೆಳಿಗ್ಗೆ ಬೇಗ ಎದ್ದು ದಕ್ಕೆಗೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ ಹೋಗಿ. ಬೋಟಿನಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿರುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಏಲಂ ಕೂಗುವವರು, ಬುಟ್ಟಿ ಹಿಡಿದು ಸಾಲಾಗಿ ನಿಂತ ಹೆಂಗಸರು. ನೆಲ ಒದ್ದೆ ಇರುತ್ತದೆ, ಒಳ್ಳೆ ಚಪ್ಪಲಿ ಬೇಡ. ಅಲ್ಲಿಂದ ಹಂಚು ಹೊದಿಸಿದ ಹಳೇ ದಾಸ್ತಾನು ಕಟ್ಟಡಗಳ ನಡುವೆ ನಡೆದು ಬಂದರೆ ಝೀನತ್ ಬಕ್ಷ್ ಮಸೀದಿ ಸಿಗುತ್ತದೆ. ಒಳಗಿನ ಮರದ ಕೆತ್ತನೆ ನೋಡುವಂಥದ್ದು. ಅಲ್ಲಿ ಕೇಳಿಕೊಂಡು, ಮರ್ಯಾದೆಯಿಂದ ನೋಡಿ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ರಜೆ, ಆಗ ದಕ್ಕೆಯಲ್ಲಿ ಈ ಗೌಜಿ ಇರುವುದಿಲ್ಲ. ಹಂಪನಕಟ್ಟೆಯಲ್ಲಿ ಉಳಿದರೆ ದಕ್ಕೆಗೆ ಆಟೋದಲ್ಲಿ ಸ್ವಲ್ಪವೇ ದೂರ.

ಮೀನೂಟ, ತಿಂಡಿಗೆ ಯಾವ ಏರಿಯಾ ಒಳ್ಳೇದು?

ಊಟದ ಸಲುವಾಗಿ ಏರಿಯಾ ಆರಿಸುವುದು ಬೇಡ, ಎಲ್ಲೆಡೆ ಸಿಗುತ್ತದೆ. ಬನ್ಸ್, ಗೋಳಿಬಜೆ, ನೀರುದೋಸೆ ಸಣ್ಣ ಹೋಟೆಲ್‌ಗಳಲ್ಲೇ ರುಚಿ. ಬನ್ಸ್ ಬೆಳಿಗ್ಗೆ, ಗೋಳಿಬಜೆ ಸಂಜೆ. ಮೀನೂಟಕ್ಕೆ ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿ. ಎರಡು ಗಂಟೆಯ ಮೇಲೆ ಒಳ್ಳೆ ಮೀನು ಮುಗಿದಿರುತ್ತದೆ. ಗಡ್‌ಬಡ್ ಐಸ್‌ಕ್ರೀಮ್ ಬೇಕಾದರೆ ಲಾಲ್‌ಬಾಗ್‌ನ ಪಬ್ಬಾಸ್, ಸಂಜೆ ಹೋದರೆ ಕಾಯಬೇಕಾಗುತ್ತದೆ.

ಮಳೆಗಾಲದಲ್ಲಿ ಬಂದರೆ ಆಯ್ಕೆ ಬದಲಾಗುತ್ತಾ?

ಬದಲಾಗುತ್ತದೆ. ಜೂನ್, ಜುಲೈಯಲ್ಲಿ ಬೀಚ್ ಬಳಿ ಉಳಿಯುವುದರಲ್ಲಿ ಅರ್ಥವಿಲ್ಲ, ನೀರಿಗೆ ಇಳಿಯಲು ಬಿಡುವುದಿಲ್ಲ, ಇಳಿಯಲೂ ಬಾರದು. ಸುಲ್ತಾನ್ ಬತ್ತೇರಿಯ ದೋಣಿಯನ್ನೂ ಆಗ ನಂಬಿಕೊಳ್ಳಬೇಡಿ. ಜೋರು ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಎತ್ತರದ ಕದ್ರಿ, ಬಲ್ಮಠ, ಬೆಂದೂರು ಒಳ್ಳೆಯದು. ಬೆಂಗಳೂರಿನಿಂದ ಬರುವವರು ಹೊರಡುವ ಮುಂಚೆ ಶಿರಾಡಿ ಘಾಟಿ ತೆರೆದಿದೆಯಾ ಅಂತ ವಿಚಾರಿಸಿ. ಗುಡ್ಡ ಕುಸಿದರೆ ರೈಲಿಗೂ ತೊಂದರೆ.

ಯಾವ ದಿನಗಳಲ್ಲಿ ರೂಮ್ ಸಿಗೋದೇ ಇಲ್ಲ?

ನವರಾತ್ರಿ ಮೊದಲನೆಯದು. ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ದಸರಾಕ್ಕೆ ಎಲ್ಲಿಂದಲೋ ಜನ ಬರುತ್ತಾರೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ದೇವಸ್ಥಾನ ಅದು. ಕೊನೆಯ ದಿನದ ಮೆರವಣಿಗೆ ಲೇಡಿಹಿಲ್, ಲಾಲ್‌ಬಾಗ್, ಪಿವಿಎಸ್, ಹಂಪನಕಟ್ಟೆ ಸುತ್ತಿ ಬೆಳಗಿನ ಜಾವದವರೆಗೆ ನಡೆಯುತ್ತದೆ. ಎಂ.ಜಿ. ರೋಡಿನಲ್ಲಿ ರೂಮ್ ಇದ್ದರೆ ಬಾಗಿಲಲ್ಲೇ ನಿಂತು ಹುಲಿವೇಷ, ಟ್ಯಾಬ್ಲೋ ಎಲ್ಲ ನೋಡಬಹುದು. ಆದರೆ ಆ ಸಂಜೆ ಕಾರು ಹೋಟೆಲ್‌ವರೆಗೆ ಬರುವುದಿಲ್ಲ, ಮಧ್ಯಾಹ್ನವೇ ಒಳಗೆ ಸೇರಿಕೊಳ್ಳಿ. ಮಕ್ಕಳು ಮಲಗಬೇಕು ಅಂದರೆ ಕದ್ರಿಗೆ ಹೋಗಿ.

ಇನ್ನು ಏಪ್ರಿಲ್, ಮೇ ಮದುವೆಗಳು, ಡಿಸೆಂಬರ್ ಕೊನೆಗೆ ಗಲ್ಫಿನಿಂದ, ಮುಂಬೈಯಿಂದ ಬರುವವರ ರಶ್. ಕೆಲವೊಮ್ಮೆ ಒಂದೇ ಮದುವೆಗೆ ಹೋಟೆಲಿನ ಎರಡು ಮಹಡಿ ಹೋಗಿರುತ್ತದೆ. ಅತ್ತಾವರ, ಕಂಕನಾಡಿ, ದೇರಳಕಟ್ಟೆಯಲ್ಲಿ ಆಸ್ಪತ್ರೆಗೆ ಬಂದವರ ಮನೆಯವರು ವರ್ಷವಿಡೀ ಲಾಡ್ಜ್‌ಗಳಲ್ಲಿ ಇರುತ್ತಾರೆ. ಬೇರೆ ಕಡೆ ಸಿಗುತ್ತದೆ ಅಂದರೆ ತಿರುಗಾಡಲು ಬಂದವರು ಆ ರೂಮುಗಳನ್ನು ಅವರಿಗೇ ಬಿಟ್ಟುಬಿಡಿ, ಅವರಿಗೆ ಬೇರೆ ದಾರಿ ಇರುವುದಿಲ್ಲ.

ವಿಳಾಸ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರೆ. ಯಾವುದು ಸರಿ?

ಬೋರ್ಡಿನ ಹೆಸರು ಒಂದಿರುತ್ತದೆ, ಜನ ಹೇಳುವುದು ಇನ್ನೊಂದು. ಆಟೋದವರಿಗೆ ಜನ ಹೇಳುವ ಹೆಸರನ್ನೇ ಹೇಳಿ. ಮಹಾವೀರ ವೃತ್ತ ಅಂದರೆ ಪಂಪ್‌ವೆಲ್. ನಾರಾಯಣ ಗುರು ವೃತ್ತ ಅಂದರೆ ಲೇಡಿಹಿಲ್. 'ಸ್ಟೇಟ್ ಬ್ಯಾಂಕ್' ಅಂದರೆ ಬ್ಯಾಂಕಲ್ಲ, ಸಿಟಿ ಬಸ್ಸು, ಸರ್ವಿಸ್ ಬಸ್ಸು ಹೊರಡುವ ಜಾಗ. ತುಳು ಬರದಿದ್ದರೂ ಚಿಂತೆ ಇಲ್ಲ, ಕನ್ನಡ ಎಲ್ಲರಿಗೂ ಬರುತ್ತದೆ.

ಮಧ್ಯಾಹ್ನ ರೂಮ್ ಖಾಲಿ ಮಾಡಿ ರಾತ್ರಿ ಬಸ್ಸಿನವರೆಗೆ ಏನು ಮಾಡೋದು?

ಬ್ಯಾಗನ್ನು ಹೋಟೆಲಿನಲ್ಲೇ ಇಟ್ಟುಕೊಳ್ಳಲು ಕೇಳಿ, ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಬಸ್ಸು ಬಿಜೈಯಿಂದಲಾದರೆ ಕೊನೆಯ ರಾತ್ರಿ ಲಾಲ್‌ಬಾಗ್, ಬಿಜೈ ಸುತ್ತ ಉಳಿದಿದ್ದರೆ ಅನುಕೂಲ. ಸಂಜೆ ಕದ್ರಿ ನೋಡಿ, ಊಟ ಮಾಡಿ, ಬ್ಯಾಗ್ ತೆಗೆದುಕೊಂಡು ಬಸ್ಸು ಹತ್ತಬಹುದು. ರೈಲು ಸೆಂಟ್ರಲ್‌ನಿಂದಾದರೆ ಹಂಪನಕಟ್ಟೆ ಕಡೆ ಉಳಿದಿರಿ. ಸಂಜೆ ತಣ್ಣೀರುಬಾವಿಗೋ ಪಣಂಬೂರಿಗೋ ಹೋಗುವುದಿದ್ದರೆ ಕೂಳೂರಿನಲ್ಲಿ ವಾಹನ ಸಾಲುಗಟ್ಟುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ, ಭಾನುವಾರವಂತೂ ಇನ್ನೂ ಜಾಸ್ತಿ. ಬಸ್ಸಿಗೋ ರೈಲಿಗೋ ಎರಡು ಗಂಟೆ ಮುಂಚೆಯೇ ಬೀಚಿನಿಂದ ಹೊರಟುಬಿಡಿ.